ಬೆಂಡ್ ಸುತ್ತಲಿನ ಎತ್ತರದ ಮರುಭೂಮಿ: ನೀರಿಗಾಗಿ ಹೋಗುವವರು ಕಲ್ಲನ್ನೂ ನೋಡಿ ಬರಲಿ

ಒರೆಗಾನ್ ಎಂದೊಡನೆ ಸದಾ ಜಿನುಗುವ ಮಳೆ, ಪಾಚಿ ಕಟ್ಟಿದ ಮರಗಳು, ಹಸಿರು ಕಣಿವೆಗಳು ನೆನಪಾಗುವುದು ಸಹಜ. ಆದರೆ ಆ ರಾಜ್ಯದ ಸುಮಾರು ಮೂರನೆಯ ಎರಡು ಭಾಗ ಕ್ಯಾಸ್ಕೇಡ್ ಪರ್ವತಶ್ರೇಣಿಯ ಪೂರ್ವಕ್ಕಿದ್ದು, ಅದರಲ್ಲಿ ಬಹುಪಾಲು ಒಣಭೂಮಿ. ಈ ಸೀಮೆಯನ್ನು ಅಲ್ಲಿನವರು ಹೈ ಡೆಸರ್ಟ್, ಅಂದರೆ ಎತ್ತರದ ಮರುಭೂಮಿ ಎಂದು ಕರೆಯುತ್ತಾರೆ. ಅದರ ಪಶ್ಚಿಮದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,600 ಅಡಿ ಎತ್ತರದಲ್ಲಿರುವ ಬೆಂಡ್ ಎಂಬ ಊರನ್ನು ನೆಲೆಯಾಗಿಟ್ಟುಕೊಂಡು ಒಂದೆರಡು ಗಂಟೆಯೊಳಗೆ ಕಾರಿನಲ್ಲಿ ತಲುಪಬಹುದಾದ ಪಾರ್ಕು, ಕೆರೆ ಮತ್ತು ಕಾಲುದಾರಿಗಳ ವಿಮರ್ಶೆ ಇದು. ಪೋರ್ಟ್‌ಲ್ಯಾಂಡ್, ಸಿಯಾಟಲ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ, ಅದರಲ್ಲೂ ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿಯರನ್ನು ಕರೆಸಿಕೊಂಡವರಿಗೆ, ಯಾವುದಕ್ಕೆ ಎಷ್ಟು ಸಮಯ ಕೊಡಬಹುದೆಂಬ ಅಂದಾಜು ಸಿಗಲೆಂಬುದು ಬರೆದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ ಬರುವ ಹೆಚ್ಚಿನವರು ನದಿ, ಜಲಪಾತ, ಕೆರೆ ಎಂದು ನೀರನ್ನೇ ಹುಡುಕಿಕೊಂಡು ಹೋಗುತ್ತಾರೆ, ಪ್ರವಾಸಿ ಕೈಪಿಡಿಗಳೂ ಅದನ್ನೇ ಮುಂದಿಡುತ್ತವೆ. ಅಂಥ ನೀರು ಕ್ಯಾಸ್ಕೇಡಿನ ಪಶ್ಚಿಮಕ್ಕೆ ಬೇಕಾದಷ್ಟಿದೆ, ಅದಕ್ಕಾಗಿ ಬೆಟ್ಟ ದಾಟಿ ಬರಬೇಕಿಲ್ಲ. ಈ ಸೀಮೆಯ ವಿಶೇಷವೆಂದರೆ ಕಲ್ಲು. ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಬೀಳಬೇಕು, ಎಲ್ಲಿ ನೆಲದೊಳಗೆ ಇಳಿದುಹೋಗಬೇಕು ಎಂಬುದನ್ನೆಲ್ಲ ಇಲ್ಲಿ ಲಾವಾ ನಿರ್ಧರಿಸಿದೆ. ಇದನ್ನು ತಿಳಿದು ಹೊರಟವರಿಗೆ ಬಂಜರಾಗಿ ಕಾಣುವ ಜಾಗಗಳೇ ಹೆಚ್ಚು ಕೊಡುತ್ತವೆ, ತಿಳಿಯದೆ ಹೋದವರು ಎರಡನೆಯ ದಿನವೇ ಬೇಸರಪಡುವ ಸಾಧ್ಯತೆಯಿದೆ.

ಹವೆಯ ಲೆಕ್ಕಾಚಾರ ನಮಗೆ ಹೊಸದಲ್ಲ. ಅರಬ್ಬಿ ಸಮುದ್ರದ ಮೋಡಗಳು ಸಹ್ಯಾದ್ರಿಯ ಮೇಲೆ ಸುರಿದು ಚಿತ್ರದುರ್ಗ, ಚಳ್ಳಕೆರೆಗಳನ್ನು ಮಳೆನೆರಳಿನಲ್ಲಿ ಬಿಟ್ಟುಹೋಗುವಂತೆ, ಪೆಸಿಫಿಕ್ ಸಾಗರದ ಮೋಡಗಳು ಕ್ಯಾಸ್ಕೇಡಿನ ಪಶ್ಚಿಮದ ಇಳಿಜಾರಿನಲ್ಲಿ ಬರಿದಾಗಿ ಬೆಂಡ್ ಕಡೆಗೆ ಬಹುತೇಕ ಖಾಲಿಯಾಗಿ ಬರುತ್ತವೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 11 ಇಂಚು, ಅದರಲ್ಲೂ ಒಂದಷ್ಟು ಹಿಮದ ರೂಪದಲ್ಲಿ. ವ್ಯತ್ಯಾಸವೆಂದರೆ ಇಲ್ಲಿ ಮಳೆಗಾಲ ಚಳಿಗಾಲದಲ್ಲಿ ಬರುತ್ತದೆ, ಬೇಸಿಗೆ ಹೆಚ್ಚೂಕಡಿಮೆ ಒಣಗಿಯೇ ಕಳೆಯುತ್ತದೆ. ಜುಲೈ ತಿಂಗಳ ಹಗಲಿನಲ್ಲಿ ಉಷ್ಣಾಂಶ 28–30 ಡಿಗ್ರಿ ಸೆಲ್ಸಿಯಸ್ ಇದ್ದರೂ ಅದೇ ರಾತ್ರಿ ಹತ್ತಕ್ಕಿಂತ ಕೆಳಗಿಳಿಯಬಹುದಾದ್ದರಿಂದ, ಬೇಸಿಗೆಯೆಂದು ಸ್ವೆಟರ್ ಬಿಟ್ಟು ಹೋಗುವುದು ಜಾಣತನವಲ್ಲ.

ಊರೊಳಗಿನ ಪಾರ್ಕುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡಶೂಟ್ಸ್ ನದಿಯ ದಂಡೆಯಲ್ಲಿ ಊರಿನ ಸ್ಥಾಪಕನ ಹೆಸರು ಹೊತ್ತ ಡ್ರೇಕ್ ಪಾರ್ಕ್ ಇದೆ. ಅದರ ಎದುರಿನ ಮಿರರ್ ಪಾಂಡ್ ನಿಜವಾದ ಕೆರೆಯಲ್ಲ, ವಿದ್ಯುತ್ತಿಗಾಗಿ 1910ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ನದಿಯ ನೀರು. ನಿಂತ ನೀರಿನಲ್ಲಿ ಹೂಳು ತುಂಬುವುದು ತಪ್ಪದು. 1984ರಲ್ಲಿ ಒಮ್ಮೆ ಹೂಳು ತೆಗೆಸಿದ ಮೇಲೂ ಅದು ಮತ್ತೆ ತುಂಬಿಕೊಂಡು, ಕೊಳವನ್ನು ಉಳಿಸಬೇಕೋ ನದಿಯನ್ನು ಹರಿಯಲು ಬಿಡಬೇಕೋ ಎಂಬ ವಾದ ಊರಿನಲ್ಲಿ ವರ್ಷಗಟ್ಟಲೆ ನಡೆಯಿತು. ಹಿರಿಯರನ್ನು ಸಂಜೆ ನಡೆಸಿಕೊಂಡು ಹೋಗಲು, ಚಿಕ್ಕ ಮಕ್ಕಳನ್ನು ಹುಲ್ಲಿನ ಮೇಲೆ ಬಿಡಲು ಇದು ಒಳ್ಳೆಯ ಜಾಗವಾದರೂ ಹೆಬ್ಬಾತುಗಳ ಹಿಕ್ಕೆಯ ಮೇಲೆ ಕಾಲಿಡದಂತೆ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ರಬ್ಬರ್ ಟ್ಯೂಬಿನ ಮೇಲೆ ಕುಳಿತು ನದಿಯಲ್ಲಿ ತೇಲಿಕೊಂಡು ಬರುವುದು ಇಲ್ಲಿನ ಜನಪ್ರಿಯ ಮೋಜು. ಹಿಂದೆ ಅಪಾಯಕಾರಿಯಾಗಿದ್ದ ಒಂದು ಅಣೆಯ ಬಳಿ 2015ರಲ್ಲಿ ನದಿಯನ್ನು ಮೂರು ಕವಲಾಗಿಸಿ, ಒಂದನ್ನು ತೇಲುವವರಿಗೆ, ಒಂದನ್ನು ರಭಸದ ನೀರಿನಲ್ಲಿ ಆಡುವವರಿಗೆ, ಇನ್ನೊಂದನ್ನು ಜಲಚರಗಳಿಗೆ ಬಿಟ್ಟಿರುವುದು ಮೆಚ್ಚತಕ್ಕ ಯೋಜನೆ.

ಇವೆಲ್ಲಕ್ಕಿಂತ ಮೊದಲು ಹತ್ತಬೇಕಾದ್ದು ಪೈಲಟ್ ಬ್ಯೂಟ್. ಊರಿನ ಮಧ್ಯೆ ಸುತ್ತಲಿನ ನೆಲಕ್ಕಿಂತ ಸುಮಾರು 500 ಅಡಿ ಮೇಲೆದ್ದು ನಿಂತಿರುವ ಈ ಗುಡ್ಡ ಜ್ವಾಲಾಮುಖಿಯ ಕೆಂಡಗಲ್ಲುಗಳು ರಾಶಿಬಿದ್ದು ಆದ ಶಂಕು. ಹತ್ತಲು ಒಂದು ಮೈಲಿಯಷ್ಟು ದಾರಿಯಿದೆ, ಏರು ಒಂದೇ ಸಮನಾಗಿರುವುದರಿಂದ ನಿಧಾನವಾಗಿ ನಡೆದರೆ ಕಷ್ಟವಾಗದು. ಮೇಲಕ್ಕೆ ಕಾರಿನ ರಸ್ತೆಯೂ ಇದ್ದು, ಹಿಮದ ತಿಂಗಳುಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ತುದಿಯಿಂದ ಪಶ್ಚಿಮಕ್ಕೆ ನೋಡಿದರೆ ಹಿಮ ಹೊತ್ತ ತ್ರೀ ಸಿಸ್ಟರ್ಸ್ ಶಿಖರಗಳು ಮತ್ತು ದಟ್ಟ ಪೈನ್ ಕಾಡು, ಪೂರ್ವಕ್ಕೆ ತಿರುಗಿದರೆ ಬೂದು ಬಣ್ಣದ ಕುರುಚಲು ಬಯಲು. ಮಳೆನೆರಳಿನ ಗೆರೆ ಎಲ್ಲಿದೆಯೆಂದು ಯಾರೂ ವಿವರಿಸಬೇಕಾಗಿಲ್ಲ. ಉಳಿದ ದಿನಗಳಲ್ಲಿ ಹೋಗಬೇಕಾದ ಅರ್ಧದಷ್ಟು ಜಾಗಗಳನ್ನು ಇಲ್ಲಿಂದಲೇ ಗುರುತಿಸಿಕೊಳ್ಳಬಹುದಾದ್ದರಿಂದ ಮೊದಲ ದಿನದ ಬೆಳಿಗ್ಗೆಯನ್ನು ಇದಕ್ಕೆ ಮೀಸಲಿಡುವುದು ಸೂಕ್ತ.

ಬೆಂಡ್‌ನ ದಕ್ಷಿಣಕ್ಕೆ ಡಶೂಟ್ಸ್ ನದಿಯ ಪಕ್ಕದಲ್ಲೇ ಸಾಗುವ ಕಾಲುದಾರಿ ಲಾವಾ ಐಲ್ಯಾಂಡ್, ಡಿಲನ್ ಮತ್ತು ಬೆನಮ್ ಎಂಬ ಜಲಪಾತಗಳನ್ನು ಮುಟ್ಟುತ್ತದೆ. ಹೆಸರಿನಲ್ಲಿ ಜಲಪಾತವಿದ್ದರೂ ಇವು ಬಂಡೆಯಿಂದ ನೇರ ಧುಮುಕುವ ನೀರಲ್ಲ, ಇಕ್ಕಟ್ಟಾದ ಲಾವಾ ಕೊರಕಲಿನಲ್ಲಿ ನುಗ್ಗಿ ಇಳಿಯುವ ರಭಸದ ಪ್ರವಾಹ. ಧುಮುಕುವುದನ್ನೇ ನೋಡಬೇಕೆಂಬವರು ಪಶ್ಚಿಮದ ಕಾಡಿನಲ್ಲಿರುವ 97 ಅಡಿ ಎತ್ತರದ ಟುಮಲೊ ಜಲಪಾತಕ್ಕೆ ಹೋಗಬಹುದು. ಆದರೆ ನನ್ನ ಮತ ಬೆನಮ್ ಕಡೆಗೇ. ಸುಮಾರು 7,000 ವರ್ಷಗಳ ಹಿಂದೆ ಲಾವಾ ಬ್ಯೂಟ್ ಎಂಬ ಗುಡ್ಡದ ಬುಡದಿಂದ ಉಕ್ಕಿದ ಲಾವಾ ಈ ನದಿಗೆ ಅಡ್ಡ ಬಿದ್ದು ಅದರ ಪಾತ್ರವನ್ನೇ ಪಕ್ಕಕ್ಕೆ ತಳ್ಳಿತು. ಈಗಲೂ ನಡೆಯುವವರ ಒಂದು ಬದಿಗೆ ಪಾಂಡರೋಸಾ ಪೈನ್ ಮರಗಳಿದ್ದರೆ ನದಿಯಾಚೆಗೆ ಮರಗಿಡಗಳು ಅಪರೂಪವಾದ ಕಪ್ಪು ಕಲ್ಲಿನ ಗೋಡೆಯಿದೆ. ಬಿಸಿಲಿಗೆ ಕಾದ ಪಾಂಡರೋಸಾದ ತೊಗಟೆಗೆ ಮೂಗು ತಾಗಿಸಿದರೆ ವೆನಿಲಾದ ಪರಿಮಳ ಬರುತ್ತದೆ. ಮರ ಮೂಸುತ್ತ ನಿಂತವರನ್ನು ಕಂಡು ದಾರಿಹೋಕರು ನಕ್ಕರೆ ನಗಲಿ.

ಆದರೆ ಈ ಸೀಮೆಯಲ್ಲಿ ಒಂದೇ ಕಡೆ ಇಡೀ ದಿನ ಕಳೆಯಬೇಕೆಂದರೆ ಅದು ನ್ಯೂಬೆರಿ. ಕ್ಯಾಸ್ಕೇಡ್ ಸಾಲಿನ ಜ್ವಾಲಾಮುಖಿಗಳಲ್ಲೆಲ್ಲ ಅತಿ ದೊಡ್ಡದಾದ ಇದು ಮೌಂಟ್ ಹುಡ್‌ನಂತೆ ಮೊನಚಾಗಿಲ್ಲದ ಕಾರಣ ಬೆಟ್ಟವೆಂದು ಗೊತ್ತೇ ಆಗುವುದಿಲ್ಲ. ಬೆಂಡ್ ಊರು ಕೂಡ ಅದರ ಉತ್ತರದ ಇಳಿಜಾರಿನ ಲಾವಾದ ಮೇಲೆಯೇ ಕುಳಿತಿದೆ. ಸುಮಾರು 75,000 ವರ್ಷಗಳ ಹಿಂದೆ ನಡೆದ ಭಾರೀ ಸ್ಫೋಟದಲ್ಲಿ ಅದರ ನೆತ್ತಿ ಕುಸಿದು ಕ್ಯಾಲ್ಡೆರಾ ಎಂಬ ವಿಶಾಲ ಬೋಗುಣಿಯಾಯಿತು. ಆ ಬೋಗುಣಿಯೊಳಗಿನ ಎರಡು ಕೆರೆಗಳು, ಲಾವಾ ಬ್ಯೂಟ್, ಲಾವಾ ಗುಹೆ ಇವೆಲ್ಲವನ್ನೂ ಒಳಗೊಂಡಂತೆ 50,000 ಎಕರೆಗೂ ಮಿಕ್ಕಿದ ಪ್ರದೇಶವನ್ನು 1990ರಲ್ಲಿ ರಾಷ್ಟ್ರೀಯ ಜ್ವಾಲಾಮುಖಿ ಸ್ಮಾರಕವೆಂದು ಘೋಷಿಸಲಾಯಿತು. ಇದನ್ನು ನೋಡಿಕೊಳ್ಳುವುದು ಅರಣ್ಯ ಸೇವಾ ಇಲಾಖೆ.

ಪಾಲೈನಾ ಮತ್ತು ಈಸ್ಟ್ ಎಂಬ ಈ ಅವಳಿ ಕೆರೆಗಳಿಗೆ ಯಾವ ನದಿಯೂ ಬಂದು ಸೇರುವುದಿಲ್ಲ. ಮಳೆ, ಕರಗಿದ ಹಿಮ ಮತ್ತು ತಳದ ಬುಗ್ಗೆಗಳ ನೀರು ಮಾತ್ರ ಇವನ್ನು ತುಂಬಿಸುತ್ತದೆ. ಮೊದಲು ಒಂದೇ ಆಗಿದ್ದ ಕೆರೆಯನ್ನು ಮುಂದಿನ ಸ್ಫೋಟಗಳ ಕಲ್ಲು ಮತ್ತು ಬೂದಿ ಎರಡಾಗಿ ಸೀಳಿದವು. ಪಾಲೈನಾ ಕೆರೆಯಿಂದ ಒಂದು ಸಣ್ಣ ಹೊಳೆ ಹೊರಬಿದ್ದು, ಸ್ವಲ್ಪ ದೂರದಲ್ಲಿ 80 ಅಡಿ ಎತ್ತರದ ಜೋಡಿ ಜಲಪಾತವಾಗಿ ಬೀಳುತ್ತದೆ, ಈಸ್ಟ್ ಕೆರೆಗೆ ಅಂಥ ಹೊರದಾರಿಯೂ ಇಲ್ಲ. ಸಮುದ್ರಮಟ್ಟದಿಂದ 6,300 ಅಡಿಗೂ ಎತ್ತರದಲ್ಲಿರುವ, ಸುಮಾರು 250 ಅಡಿ ಆಳದ ಪಾಲೈನಾವನ್ನು ಪೂರ್ತಿ ಸುತ್ತಲು ಏಳೂವರೆ ಮೈಲಿಯ ಕಾಲುದಾರಿಯಿದೆ. ಏರಿಳಿತ ಕಡಿಮೆ, ನೆರಳು ಸಾಕಷ್ಟು. ದಾರಿಯ ಈಶಾನ್ಯ ಭಾಗದಲ್ಲಿ ದಂಡೆಯ ಜಲ್ಲಿಯನ್ನು ಕೈಯಿಂದ ಬಗೆದರೆ ಬಿಸಿನೀರು ಒಸರುತ್ತದೆ, ಹಿಂದಿನವರು ತೋಡಿಟ್ಟ ಗುಂಡಿಗಳಲ್ಲಿ ಕುಳಿತುಕೊಳ್ಳಲೂಬಹುದು. ಆದರೆ ಕೆರೆಯ ಮಟ್ಟ ಹೆಚ್ಚಿದ್ದಾಗ ಗುಂಡಿಗಳು ಮುಳುಗಿ ಬಿಸಿ ತಗ್ಗುತ್ತದೆಯಾದ್ದರಿಂದ ಸ್ನಾನವನ್ನೇ ಗುರಿಯಾಗಿಟ್ಟುಕೊಂಡು ಅಷ್ಟು ದೂರ ನಡೆಯುವಂತೆ ನಾನು ಸೂಚಿಸಲಾರೆ. ದೋಣಿಗಳ ವೇಗವನ್ನು ಗಂಟೆಗೆ 10 ಮೈಲಿಗೆ ಮಿತಿಗೊಳಿಸಿರುವುದರಿಂದ ಬೇರೆ ಕೆರೆಗಳಲ್ಲಿ ಕಿವಿಗಡಚಿಕ್ಕುವ ಮೋಟಾರಿನ ಸದ್ದು ಇಲ್ಲಿಲ್ಲ. ಇಷ್ಟೊಂದು ಸಣ್ಣ ನಿಯಮದಿಂದ ಇಷ್ಟೊಂದು ನೆಮ್ಮದಿ ಸಿಗುವುದನ್ನು ಉಳಿದ ಕೆರೆಗಳ ಆಡಳಿತದವರೂ ಗಮನಿಸಬೇಕು.

ಕೆರೆಗಳ ನಡುವೆ, ರಸ್ತೆಯ ಪಕ್ಕದಲ್ಲೇ ಬಿಗ್ ಅಬ್ಸಿಡಿಯನ್ ಫ್ಲೋ ಇದೆ. ಸುಮಾರು 1,300 ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಇದು ಒರೆಗಾನ್‌ನ ಅತಿ ಕಿರಿಯ ಲಾವಾ ಪ್ರವಾಹ. 700 ಎಕರೆಯಷ್ಟು ನೆಲವನ್ನು ಮುಚ್ಚಿರುವ ಈ ರಾಶಿಯಲ್ಲಿ ಮಿರುಗುವ ಕಪ್ಪು ಗಾಜಿನ ಕಲ್ಲು ಮತ್ತು ನೀರಿನಲ್ಲಿ ತೇಲುವಷ್ಟು ಹಗುರವಾದ ಬೂದು ಪ್ಯೂಮಿಸ್ ಕಲ್ಲು ಒಂದರ ಮಗ್ಗುಲಲ್ಲಿ ಒಂದು ಇವೆ. ಎರಡರ ರಾಸಾಯನಿಕ ಸ್ವರೂಪ ಹೆಚ್ಚೂಕಡಿಮೆ ಒಂದೇ, ಅನಿಲದ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡದ್ದು ಪ್ಯೂಮಿಸ್, ಕಳೆದುಕೊಂಡದ್ದು ಗಾಜು. ನ್ಯೂಬೆರಿಯ ಇಂಥ ಗಾಜಿನಿಂದ ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಬಾಣದ ಮೊನೆ ಮತ್ತು ಚೂರಿಗಳನ್ನು ಮಾಡಿ ದೂರದೂರಕ್ಕೆ ವಿನಿಮಯ ಮಾಡಿದ್ದಾರೆ. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಮೈಲಿಯಷ್ಟರಲ್ಲಿ ಮುಗಿಯುವ ಸುತ್ತುದಾರಿಯಿದೆ. ಚಪ್ಪಲಿಯಲ್ಲಿ ಹೋಗಲೇಬಾರದು, ಅಂಚುಗಳು ಕ್ಷೌರದ ಕತ್ತಿಯಷ್ಟು ಹರಿತ. ನಾಯಿಗಳ ಪಾದಕ್ಕೂ ಅಪಾಯ. ಒಂದು ಚೂರನ್ನೂ ಜೇಬಿಗಿಳಿಸುವಂತಿಲ್ಲ, ಸ್ಮಾರಕದೊಳಗಿನ ಅಬ್ಸಿಡಿಯನ್ ಒಯ್ಯುವುದು ಕಾನೂನಿಗೆ ವಿರುದ್ಧ. ಬೇರೆಲ್ಲೂ ಸುಲಭವಾಗಿ ಸಿಗದ ಅನುಭವವನ್ನು ಇಷ್ಟು ಕಡಿಮೆ ನಡಿಗೆಯಲ್ಲಿ ಕೊಡುವ ಕಾಲುದಾರಿಗಳು ವಿರಳವಾದ್ದರಿಂದ, ನನ್ನ ಎಣಿಕೆಯಲ್ಲಿ ಇದಕ್ಕೆ ಮೊದಲ ಸ್ಥಾನ.

ಇದೇ ಸ್ಮಾರಕದ ಲಾವಾ ರಿವರ್ ಗುಹೆ ಸುಮಾರು ಒಂದು ಮೈಲಿ ಉದ್ದದ ಲಾವಾ ಸುರಂಗ. ಹೊರಮೈ ಗಟ್ಟಿಯಾದ ಮೇಲೆ ಒಳಗಿನ ದ್ರವ ಹರಿದುಹೋಗಿ ಉಳಿದ ಟೊಳ್ಳು ಇದು, 97ನೆಯ ಹೆದ್ದಾರಿ ಇದರ ಮೇಲೆಯೇ ಹಾದುಹೋಗುತ್ತದೆ. ಒಳಗೆ ವರ್ಷವಿಡೀ 5–6 ಡಿಗ್ರಿಯ ಚಳಿ ಮತ್ತು ಸಂಪೂರ್ಣ ಕತ್ತಲೆ. ಬಾವಲಿಗಳು ನಿದ್ರಿಸುವ ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ಬೇಸಿಗೆಯಲ್ಲಿ ಮುಂಗಡವಾಗಿ ಸಮಯ ಕಾದಿರಿಸಿಕೊಂಡೇ ಹೋಗಬೇಕು. ಬೇರೆ ಗುಹೆಗಳಿಗೆ ತೊಟ್ಟು ಹೋಗಿದ್ದ ಬಟ್ಟೆ, ಬೂಟುಗಳನ್ನು ಇಲ್ಲಿಗೆ ತರಬಾರದೆಂಬ ನಿಯಮ ವಿಚಿತ್ರವೆನಿಸಿದರೂ ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಹರಡದಿರಲೆಂದು ಮಾಡಿದ್ದು. ಮಂಡಿನೋವಿನ ಹಿರಿಯರಿಗೆ ಗುಹೆ ಬೇಡ. ಅವರನ್ನು ಪಾಲೈನಾ ಶಿಖರಕ್ಕೆ ಕರೆದೊಯ್ಯಿರಿ. 7,984 ಅಡಿ ಎತ್ತರದ ಆ ತುದಿಯವರೆಗೂ ಜಲ್ಲಿ ರಸ್ತೆಯಲ್ಲಿ ಕಾರು ಹೋಗುತ್ತದೆ, ಎರಡೂ ಕೆರೆಗಳು ಮತ್ತು ಗಾಜಿನ ಪ್ರವಾಹ ಒಂದೇ ನೋಟಕ್ಕೆ ಸಿಗುತ್ತವೆ. ಹಿಮ ಕರಗಿ ಆ ರಸ್ತೆ ತೆರೆಯುವಷ್ಟರಲ್ಲಿ ಕೆಲವೊಮ್ಮೆ ಜುಲೈ ಬಂದಿರುತ್ತದೆ.

ಉತ್ತರಕ್ಕೆ, ಟೆರೆಬಾನ್ ಎಂಬ ಹಳ್ಳಿಯ ಬಳಿಯ ಸ್ಮಿತ್ ರಾಕ್ ರಾಜ್ಯ ಉದ್ಯಾನ ಈ ಸೀಮೆಯ ಅತಿ ಪ್ರಸಿದ್ಧ ತಾಣ. ಸುಮಾರು ಮೂರು ಕೋಟಿ ವರ್ಷಗಳ ಹಿಂದಿನ ಬೂದಿ ಬೆಸೆದುಕೊಂಡು ಆದ ಕೆಂಪು-ಹಳದಿ ಬಂಡೆಗಳ ಬುಡವನ್ನು ಕ್ರುಕೆಡ್ ನದಿ ಬಳಸಿ ಹರಿಯುತ್ತದೆ. ಪಾರ್ಕಿಂಗ್ ಕಡೆಯ ದಂಡೆಯ ಕಪ್ಪು ಬಂಡೆ ಮಾತ್ರ ಬೇರೆ ಜಾತಿಯದು, ದೂರದ ನ್ಯೂಬೆರಿಯಿಂದ ಇಲ್ಲಿಯವರೆಗೆ ಹರಿದು ಬಂದ ಲಾವಾ ಅದು. ನ್ಯೂಬೆರಿಯನ್ನು ಮೊದಲು ನೋಡಿ ಬಂದವರಿಗೆ ಆ ಅಂಚಿನ ಮೇಲೆ ನಿಂತಾಗ ಜ್ವಾಲಾಮುಖಿಯ ಅಳತೆ ನಿಜವಾಗಿ ಅರಿವಾಗುತ್ತದೆ. ಅಮೆರಿಕದಲ್ಲಿ ಬೋಲ್ಟ್ ಜಡಿದ ದಾರಿಗಳಲ್ಲಿ ಬಂಡೆ ಹತ್ತುವ ಸ್ಪೋರ್ಟ್ ಕ್ಲೈಂಬಿಂಗ್ ಎಂಬ ಕ್ರೀಡೆ ಬೇರೂರಿದ್ದು 1980ರ ದಶಕದಲ್ಲಿ, ಆಲನ್ ವಾಟ್ಸ್ ಮತ್ತಿತರರು ಈ ಬಂಡೆಗಳ ಮೇಲೆ ಮಾಡಿದ ಪ್ರಯೋಗಗಳಿಂದ. ಇಂದಿಗೂ 350 ಅಡಿ ಎತ್ತರದ ಮಂಕಿ ಫೇಸ್ ಎಂಬ ಕಂಬದ ಮೇಲೆ ಹಗ್ಗ ಕಟ್ಟಿಕೊಂಡು ತೆವಳುವವರನ್ನು ಕೆಳಗಿನಿಂದ ನೋಡುತ್ತ ಕೂರುವುದೇ ಒಂದು ಹೊತ್ತು ಕಳೆಯುವ ಕೆಲಸ.

ಇಲ್ಲಿನ ಮಿಸರಿ ರಿಡ್ಜ್ ಕಾಲುದಾರಿ ಒಂದು ಮೈಲಿಗೂ ಕಡಿಮೆ ದೂರದಲ್ಲಿ 600 ಅಡಿಗೂ ಹೆಚ್ಚು ಏರುತ್ತದೆ. ನೆರಳೆಂಬುದಿಲ್ಲ, ಇಳಿಯುವ ಬದಿಯಲ್ಲಿ ಪುಡಿಮಣ್ಣು ಜಾರುತ್ತದೆ. ಇದರ ಖ್ಯಾತಿ ಅದರ ಯೋಗ್ಯತೆಗಿಂತ ಒಂದು ಹಿಡಿ ಹೆಚ್ಚೇ ಎಂಬುದು ನನ್ನ ಅನಿಸಿಕೆ. ನದಿಯ ಪಕ್ಕದ ಸಮತಟ್ಟಾದ ದಾರಿಯಲ್ಲಿ ಹೋಗಿಬಂದರೆ ಬಂಡೆಗಳ ಎತ್ತರ ಇನ್ನೂ ಚೆನ್ನಾಗಿ ಕಾಣುತ್ತದೆ, ಹಕ್ಕಿಗಳೂ ಹೆಚ್ಚು. ಹೊನ್ನ ಹದ್ದುಗಳು ಗೂಡುಕಟ್ಟುವ ತಿಂಗಳುಗಳಲ್ಲಿ ಕೆಲವು ಬಂಡೆಗಳ ಸುತ್ತ ಪ್ರವೇಶವಿರುವುದಿಲ್ಲ. ವಾರಾಂತ್ಯದಲ್ಲಿ ಬೆಳಗಿನ ಜಾವವೇ ತಲುಪಬೇಕು, ತಡವಾದರೆ ಕಾರು ನಿಲ್ಲಿಸುವುದೇ ಚಾರಣಕ್ಕಿಂತ ದೊಡ್ಡ ಸಾಹಸವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಬುಡುಬುಡು ಸದ್ದು ಮಾಡುವ ರಾಟಲ್ ಹಾವು ದಾರಿಯಲ್ಲಿ ಮಲಗಿರಬಹುದು, ಅದರ ಪಾಡಿಗೆ ಅದನ್ನು ಬಿಟ್ಟು ದೂರದಿಂದ ಸುತ್ತಿ ಹೋದರೆ ಸಾಕು.

ಇನ್ನು ನಾನು ಎಲ್ಲರಿಗಿಂತ ಹೆಚ್ಚು ಒತ್ತಾಯದಿಂದ ಸೂಚಿಸುವ, ಆದರೆ ಎಲ್ಲರೂ ಒಪ್ಪಲಾರದ ಜಾಗ ಒರೆಗಾನ್ ಬ್ಯಾಡ್‌ಲ್ಯಾಂಡ್ಸ್. ಬೆಂಡ್‌ನಿಂದ ಪೂರ್ವಕ್ಕೆ 15 ಮೈಲಿಯಷ್ಟು ಹೋದರೆ ಸಿಗುವ ಈ 29,000 ಎಕರೆಯ ಬಯಲು 2009ರಲ್ಲಿ ಕಾನೂನಿನ ಪ್ರಕಾರ ವನ್ಯಪ್ರದೇಶವೆಂದು ಘೋಷಣೆಯಾದ ಮೇಲೆ ಇಲ್ಲಿ ಮೋಟಾರು ವಾಹನಕ್ಕೂ ಸೈಕಲ್ಲಿಗೂ ಪ್ರವೇಶವಿಲ್ಲ. ಹಳೆಯ ಜೀಪಿನ ಹಾದಿಗಳೇ ಈಗ ಕಾಲುದಾರಿಗಳು. ಕೆರೆಯಿಲ್ಲ, ಶಿಖರವಿಲ್ಲ, ಎಲ್ಲ ಕಡೆಯೂ ಒಂದೇ ಥರ ಕಾಣುವ ಜೂನಿಪರ್ ಮರಗಳು, ಬೂದು-ಹಸಿರಿನ ಸೇಜ್‌ಬ್ರಷ್ ಪೊದೆಗಳು, ಹೆಪ್ಪುಗಟ್ಟುವಾಗ ಕೆಳಗಿನ ಒತ್ತಡಕ್ಕೆ ಉಬ್ಬಿ ನೆತ್ತಿ ಬಿರಿದ ಲಾವಾ ದಿಬ್ಬಗಳು. ಕಾಲಡಿಯ ತಿಳಿಬಣ್ಣದ ಮಣ್ಣಿನಲ್ಲಿ ಬಹುಪಾಲು ಮಣ್ಣೇ ಅಲ್ಲ, ಈಗಿನ ಕ್ರೇಟರ್ ಲೇಕ್ ಇರುವಲ್ಲಿದ್ದ ಮಜಾಮಾ ಪರ್ವತ ಸುಮಾರು 7,700 ವರ್ಷಗಳ ಹಿಂದೆ ಸ್ಫೋಟಿಸಿದಾಗ ಹಾರಿ ಬಂದ ಬೂದಿ ಅದು.

ಜೂನಿಪರ್ ಮರಗಳ ಕಥೆ ಇಲ್ಲಿ ಕುತೂಹಲಕರವಾಗಿದೆ. ಕಳೆದ ನೂರೈವತ್ತು ವರ್ಷಗಳಲ್ಲಿ ದನಕುರಿಗಳ ಮೇವಿನಿಂದ ಹುಲ್ಲು ತಗ್ಗಿ, ಕಾಳ್ಗಿಚ್ಚುಗಳನ್ನು ಮನುಷ್ಯರು ಆರಿಸತೊಡಗಿದ ಮೇಲೆ ಈ ಮರ ಪೂರ್ವ ಒರೆಗಾನ್‌ನ ತುಂಬ ಹಬ್ಬಿ, ನೆಲದ ತೇವವನ್ನು ಹೀರುತ್ತದೆಂಬ ದೂರಿಗೆ ಗುರಿಯಾಗಿ ಎಷ್ಟೋ ಕಡೆ ಕಡಿಯಲ್ಪಡುತ್ತಿದೆ. ಬ್ಯಾಡ್‌ಲ್ಯಾಂಡ್ಸ್‌ನ ಮುದಿ ಜೂನಿಪರ್‌ಗಳು ಮಾತ್ರ ಆ ಗುಂಪಿಗೆ ಸೇರಿದವಲ್ಲ. ಸುತ್ತ ಉರಿಯಲು ಹುಲ್ಲೇ ಇಲ್ಲದ ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ್ದರಿಂದ ಬೆಂಕಿ ಇವನ್ನು ಮುಟ್ಟಲಿಲ್ಲ, ಸಾವಿರ ವರ್ಷ ದಾಟಿದ ಮರಗಳೂ ಇವೆ. ಕಾಂಡ ತಿರುಚಿಕೊಂಡು, ಅರ್ಧ ಒಣಗಿ, ಒಂದು ಪಟ್ಟಿ ತೊಗಟೆಯ ಮೇಲಷ್ಟೇ ಜೀವ ಹಿಡಿದಿರುವ ಅವುಗಳ ಮುಂದೆ ನಿಂತಾಗ ಕೆರೆಯ ದಂಡೆಯ ಚೆಲುವು ತುಸು ಸುಲಭದ್ದೆನಿಸಿದರೆ ಆಶ್ಚರ್ಯವಿಲ್ಲ. ಫ್ಲಾಟ್‌ಐರನ್ ರಾಕ್ ದಾರಿ ಹೋಗಿಬರಲು ಆರು ಮೈಲಿಯ ಆಸುಪಾಸಿನದು, ಏರು ಇಲ್ಲವೆನ್ನುವಷ್ಟು ಕಡಿಮೆ, ಕೊನೆಗೆ ಕೋಟೆಯ ಓಣಿಯಂಥ ಬಿರುಕುಗಳುಳ್ಳ ಲಾವಾ ದಿಬ್ಬ. ನೀರಿನ ಕೊಳಾಯಿ ಇಲ್ಲಿಲ್ಲ, ನೆರಳು ಅಲ್ಪ, ಗುರುತಿಗೆ ಹಿಡಿಯುವಂಥ ಬೆಟ್ಟ ಹತ್ತಿರದಲ್ಲಿಲ್ಲ. ದಾರಿ ತಪ್ಪುವುದು ಸುಲಭವಾದ್ದರಿಂದ ಫೋನಿನಲ್ಲಿ ನಕ್ಷೆ ಇಳಿಸಿಕೊಂಡು, ಒಬ್ಬೊಬ್ಬರಿಗೆ ಮೂರು ಲೀಟರಿನಂತೆ ನೀರು ಹೊತ್ತು, ವಸಂತ ಅಥವಾ ಶರತ್ಕಾಲದಲ್ಲಿ ಹೋಗುವುದು ಲೇಸು. ಸಣ್ಣ ಮಳೆ ಬಿದ್ದ ಬೆನ್ನಲ್ಲೇ ಹೋಗುವ ಅವಕಾಶ ಸಿಕ್ಕರೆ ಸೇಜ್‌ಬ್ರಷ್‌ನ ಕಟುವಾದ ಸುವಾಸನೆ ಇಡೀ ಬಯಲನ್ನು ತುಂಬಿರುತ್ತದೆ.

ಸಮಯ ಉಳಿದರೆ ಮೂರು ನದಿಗಳು ಸೇರುವಲ್ಲಿ 1964ರ ಅಣೆಕಟ್ಟಿನಿಂದಾದ ಬಿಲ್ಲಿ ಚಿನೂಕ್ ಜಲಾಶಯವನ್ನು ಮೇಲಿನ ವೀಕ್ಷಣಾ ಸ್ಥಳಗಳಿಂದ ನೋಡಬಹುದು. ದೋಣಿ ಬಾಡಿಗೆಗೆ ಪಡೆಯದವರಿಗೆ ಕೆಳಗಿಳಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಟೆಂಟ್ ಹಾಕಿ ತಂಗುವವರು ಪ್ರೈನ್‌ವಿಲ್ ಜಲಾಶಯದ ರಾಜ್ಯ ಉದ್ಯಾನವನ್ನು ಯೋಚಿಸಲಿ, 2021ರಲ್ಲಿ ಅದಕ್ಕೆ, ಕೃತಕ ಬೆಳಕು ಕೆಡಿಸದ ಕಪ್ಪು ಆಕಾಶವಿರುವ ಜಾಗಗಳಿಗೆ ಕೊಡುವ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಮಾನ್ಯತೆ ದೊರೆತಿದ್ದು, ಚಂದ್ರನಿಲ್ಲದ ರಾತ್ರಿ ಆಕಾಶಗಂಗೆ ಬರಿಗಣ್ಣಿಗೆ ಸ್ಪಷ್ಟ.

ತಿಂಗಳ ಆಯ್ಕೆಯಲ್ಲಿ ಎಚ್ಚರ ಬೇಕು. ರಜೆಯ ಅನುಕೂಲಕ್ಕೆಂದು ನಮ್ಮವರು ಹೆಚ್ಚಾಗಿ ಆಗಸ್ಟ್ ಆರಿಸುತ್ತಾರೆ, ಕಾಳ್ಗಿಚ್ಚಿನ ಹೊಗೆ ಕವಿಯುವ ಸಾಧ್ಯತೆ ಹೆಚ್ಚಿರುವುದೂ ಆಗಲೇ. ಹೊಗೆಯ ದಿನ ನಡೆಯುವ ಹಟ ಬೇಡ, ಊರ ದಕ್ಷಿಣದ ಹೈ ಡೆಸರ್ಟ್ ಮ್ಯೂಸಿಯಂನಲ್ಲಿ ಆ ಹೊತ್ತನ್ನು ಕಳೆಯಬಹುದು. ಜೂನ್ ಕೊನೆ ಅಥವಾ ಸೆಪ್ಟೆಂಬರ್ ಎರಡನೆಯ ಭಾಗ ಎಲ್ಲಕ್ಕಿಂತ ಉತ್ತಮ, ಪಾಲೈನಾ ಶಿಖರವೂ ಬೇಕೆಂದರೆ ಸೆಪ್ಟೆಂಬರೇ ಸರಿ. ಸೈಕಲ್ ತರುವವರು ಟಯರಿಗೆ ಚುಚ್ಚುವ ಮುಳ್ಳಿನ ಬಗ್ಗೆ ತಿಳಿದಿರಲಿ, ನಮ್ಮ ಹೊಲದ ಬದುಗಳಲ್ಲಿ ಹರಡುವ ಅದೇ ನೆಗ್ಗಿಲು ಇಲ್ಲಿಯೂ ಕಳೆಯಾಗಿ ಬಂದು ಸೇರಿದೆ.

ಶುಲ್ಕದ ವಿಷಯದಲ್ಲಿ ಮಾತ್ರ ಈ ವ್ಯವಸ್ಥೆ ಹೊರಗಿನವರಿಗೆ ಗೊಂದಲ ಹುಟ್ಟಿಸುವಂತಿದೆ. ಊರಿನ ಪಾರ್ಕುಗಳೂ ಬ್ಯಾಡ್‌ಲ್ಯಾಂಡ್ಸ್ ಕೂಡ ಉಚಿತ. ನ್ಯೂಬೆರಿ ಮತ್ತು ನದಿಯ ಕಾಲುದಾರಿಗಳ ಕೆಲವು ಪಾರ್ಕಿಂಗ್‌ಗಳಿಗೆ ದಿನಕ್ಕೆ 5 ಡಾಲರ್ ಅಥವಾ ವರ್ಷಕ್ಕೆ 30 ಡಾಲರಿನ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು, ಒಕ್ಕೂಟ ಸರ್ಕಾರದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದೂ ನಡೆಯುತ್ತದೆ. ಆದರೆ ಸ್ಮಿತ್ ರಾಕ್ ರಾಜ್ಯ ಸರ್ಕಾರದ ಆಡಳಿತಕ್ಕೆ ಸೇರಿದ್ದರಿಂದ ಈ ಎರಡು ಪಾಸುಗಳೂ ಅಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿಯ ದಿನದ ಪಾರ್ಕಿಂಗ್ ಶುಲ್ಕ 2025ರಲ್ಲಿ 5ರಿಂದ 10 ಡಾಲರಿಗೆ ಏರಿತು, ಹೊರರಾಜ್ಯದ ವಾಹನಗಳಿಗೆ ಇನ್ನೂ ತುಸು ಹೆಚ್ಚು. ದರಗಳು ಆಗಾಗ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಆಯಾ ಇಲಾಖೆಯ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.